ಸ್ಟರ್ಲಿಂಗ್ ಕೋಟೆಯಲ್ಲಿ ಒಂದು ಹಗಲು

ಪರದೇಶಕ್ಕೆ ಹೋದ ಪ್ರವಾಸಿಯನ್ನು ಹಣದ ಕೊರತೆಗಿಂತಲೂ ಹೆಚ್ಚಾಗಿ ಪೀಡಿಸುವುದು ಹೊತ್ತಿನ ಕೊರತೆ. ನೋಡಬೇಕಾದುದು ಬೆಟ್ಟದಷ್ಟಿರುತ್ತದೆ, ಕೈಯಲ್ಲಿರುವುದು ಒಂದು ಹಗಲು ಮಾತ್ರ. ಸ್ಕಾಟ್‌ಲೆಂಡಿನ ರಾಜಧಾನಿಯಾದ ಎಡಿನ್‌ಬರೋ ನಗರದಲ್ಲಿ ತಂಗಿದ್ದಾಗ, ಬೆಳಿಗ್ಗೆ ಹೊರಟು ಸಂಜೆಗೆ ಹಿಂತಿರುಗಿಬಿಡುವಂತೆ ಆ ದೇಶದ ಹಳೆಯ ಕೋಟೆಯೊಂದನ್ನು ನೋಡಬೇಕೆಂದು ನಾವು ಯೋಚಿಸಿ, ಸ್ಟರ್ಲಿಂಗ್ ಕೋಟೆಯನ್ನು ಆರಿಸಿಕೊಂಡೆವು. ಅಲ್ಲಿ ಕಂಡುದೇನು, ಅಷ್ಟು ಸ್ವಲ್ಪ ಹೊತ್ತಿನಲ್ಲಿ ಕೋಟೆಯೊಂದನ್ನು ಹೇಗೆ ನೋಡಿದರೆ ಅದು ನಮಗೆ ದಕ್ಕುತ್ತದೆ ಎಂಬುದನ್ನು ಇಲ್ಲಿ ನಿವೇದಿಸಬೇಕೆಂದಿದ್ದೇವೆ.

ಎಡಿನ್‌ಬರೋದಿಂದ ಸ್ಟರ್ಲಿಂಗ್ ಪಟ್ಟಣಕ್ಕೆ ವಾಯವ್ಯ ದಿಕ್ಕಿನಲ್ಲಿ ಸುಮಾರು 36 ಮೈಲಿ. ರೈಲುಗಾಡಿಯಲ್ಲಿ ಕುಳಿತರೆ ಹೆಚ್ಚು ಕಡಮೆ ಒಂದು ಗಂಟೆಯ ಪ್ರಯಾಣ. ದಾರಿಯುದ್ದಕ್ಕೂ ಹೊಲ, ಹುಲ್ಲುಗಾವಲು, ಚಿಕ್ಕ ಚಿಕ್ಕ ಊರುಗಳು. ಕೊನೆಕೊನೆಗೆ, ಆ ಸಮತಟ್ಟಾದ ಭೂಮಿಯ ನಡುವೆ ಒಂಟಿಯಾಗಿ ತಲೆಯೆತ್ತಿ ನಿಂತ ಕರಿಯ ಬಂಡೆಯೊಂದು ಕಣ್ಣಿಗೆ ಬೀಳುತ್ತದೆ. ಅದರ ನೆತ್ತಿಯ ಮೇಲೆ ಬೂದುಬಣ್ಣದ ಗೋಡೆಗಳು. ಅವುಗಳ ನಡುವೆ, ಏನೋ ತಪ್ಪಾಗಿ ಬಂದು ಸೇರಿದಂತೆ, ಹೊಂಬಣ್ಣದ ಒಂದು ದೊಡ್ಡ ಕಟ್ಟಡ. ಆ ಹೊಂಬಣ್ಣದ ಕಥೆಯನ್ನು ಮುಂದೆ ಹೇಳುತ್ತೇವೆ.

ನಿಲ್ದಾಣದಿಂದ ಕೋಟೆಗೆ ಇಪ್ಪತ್ತು ನಿಮಿಷದ ಏರುದಾರಿ. ಮೋಟಾರುಗಾಡಿಗಳೂ ಉಂಟು, ಆದರೆ ಕಾಲಿನಲ್ಲಿ ಬಲವುಳ್ಳವರು ನಡೆದೇ ಹೋಗುವುದು ಮೇಲು. ಏಕೆಂದರೆ ಕೋಟೆಯ ಮೊದಲನೆಯ ಪಾಠವನ್ನು ಕಲಿಸುವುದು ಆ ದಾರಿಯೇ. ಸುಮಾರು 30 ಕೋಟಿ ವರ್ಷಗಳ ಹಿಂದೆ, ಭೂಮಿಯೊಳಗಿನ ಕರಗಿದ ಶಿಲಾರಸವು ಮೆತ್ತನೆಯ ಕಲ್ಲಿನ ಪದರಗಳ ನಡುವೆ ನುಗ್ಗಿ ಹೆಪ್ಪುಗಟ್ಟಿ, ಅತಿ ಗಟ್ಟಿಯಾದ ಬಂಡೆಯಾಯಿತು. ಬಹುಕಾಲದ ಮೇಲೆ ಹಿಮಯುಗದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿದ ಹಿಮನದಿಗಳು ಸುತ್ತಲಿನ ಮೆತ್ತನೆಯ ಕಲ್ಲನ್ನು ಉಜ್ಜಿ ಕೊಚ್ಚಿಕೊಂಡು ಹೋದುವು. ಈ ಬಂಡೆ ಮಾತ್ರ ಜಗ್ಗಲಿಲ್ಲ. ತನ್ನ ಬೆನ್ನ ಹಿಂದಿದ್ದ ಮಣ್ಣುಕಲ್ಲುಗಳನ್ನೂ ಮರೆಮಾಡಿ ಕಾಪಾಡಿತು. ಆದುದರಿಂದ ಪಶ್ಚಿಮಕ್ಕೆ ಕಡಿದಾದ ಪ್ರಪಾತ, ಪೂರ್ವಕ್ಕೆ ನಿಧಾನವಾಗಿ ಇಳಿಯುವ ಬಾಲದಂತಹ ದಿಣ್ಣೆ. ಆ ಬಾಲದ ಮೇಲೆ ಊರು ಬೆಳೆಯಿತು. ತಲೆಯ ಮೇಲೆ ಕೋಟೆ ಎದ್ದಿತು. ಊರಿನ ಬೀದಿಯಲ್ಲಿ ಏದುಸಿರು ಬಿಡುತ್ತ ಹತ್ತುವವನು ಹಿಮನದಿಯು ಬಿಟ್ಟುಹೋದ ದಾರಿಯಲ್ಲಿಯೇ ಹತ್ತುತ್ತಿದ್ದಾನೆ.

ಕೋಟೆಯ ಮುಂದೆ ವಿಶಾಲವಾದ ಬಯಲು. ಅಲ್ಲಿ ರಾಬರ್ಟ್ ಬ್ರೂಸ್ ದೊರೆಯ ಶಿಲಾಪ್ರತಿಮೆ ನಿಂತಿದೆ. ಬಂದವರೆಲ್ಲರೂ ಆತುರದಿಂದ ಚೀಟಿ ಕೊಂಡು ಬಾಗಿಲೊಳಕ್ಕೆ ನುಗ್ಗುವುದನ್ನು ನಾವು ಕಂಡೆವು. ಹಾಗೆ ಮಾಡಬಾರದು. ಅರ್ಧ ಗಂಟೆಯನ್ನಾದರೂ ಈ ಬಯಲಿನಲ್ಲಿಯೇ ಕಳೆದು, ಕೋಟೆಗೆ ಬೆನ್ನುಮಾಡಿ, ಹೊರಗೆ ನೋಡಬೇಕು. ಕೋಟೆಯು ಏನೆಂಬುದನ್ನು ಅದರ ಕೋಣೆಗಳು ಹೇಳಬಹುದು. ಕೋಟೆಯು ಏಕೆ ಎಂಬುದನ್ನು ಹೇಳತಕ್ಕುದು ಸುತ್ತಲಿನ ನೆಲ.

ಕೆಳಗೆ ಫೋರ್ತ್ ನದಿ ಹಾವಿನಂತೆ ಸುತ್ತಿ ಸುತ್ತಿ ಹರಿಯುತ್ತದೆ. ಪೂರ್ವಕ್ಕೆ ಹೋದಂತೆ ಅದು ಅಗಲವಾಗುತ್ತ ಸಮುದ್ರವನ್ನು ಸೇರುವುದು. ಪಶ್ಚಿಮಕ್ಕೆ ಹಿಂದಿನ ಕಾಲದಲ್ಲಿ ಮೈಲಿಗಟ್ಟಲೆ ಜೌಗು ನೆಲವಿದ್ದಿತು. ಸೈನ್ಯವನ್ನು ಅದರಲ್ಲಿ ನಡೆಸುವುದು ಆಗದ ಮಾತು. ಉತ್ತರಕ್ಕೆ ಬೆಟ್ಟಗಾಡಿನ ಸೀಮೆ. ದಕ್ಷಿಣದ ಬಯಲುಸೀಮೆಯಿಂದ ಆ ಉತ್ತರಕ್ಕೆ ಹೋಗಬೇಕಾದವರು ಈ ಬಂಡೆಯ ಅಡಿಯಲ್ಲಿದ್ದ ಸೇತುವೆಯ ಮೇಲೆಯೇ ಹಾದುಹೋಗಬೇಕಾಗಿದ್ದಿತು. ಅದಕ್ಕಿಂತ ಕೆಳಗೆ, ಸಮುದ್ರದ ಕಡೆಗೆ, ಶತಮಾನಗಳ ಕಾಲ ಬೇರೆ ಸೇತುವೆಯೇ ಇರಲಿಲ್ಲ. ರಸ್ತೆಗೆ ಅಂತಹ ಸೇತುವೆಯೊಂದು ಕಿನ್‌ಕಾರ್ಡಿನ್ ಎಂಬಲ್ಲಿ ದೊರೆತುದು 1936ರಲ್ಲಿ. ಮನೆಗೆ ಬಾಗಿಲು ಹೇಗೋ ಸ್ಕಾಟ್‌ಲೆಂಡಿಗೆ ಸ್ಟರ್ಲಿಂಗ್ ಹಾಗೆ. ಬಂಡೆ ಯಾರ ಕೈಯಲ್ಲಿದೆಯೋ ಬಾಗಿಲ ಬೀಗದಕೈ ಅವರ ಸೊಂಟದಲ್ಲಿದೆ.

ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇಲ್ಲಿಯ ಯುದ್ಧಗಳ ಪಟ್ಟಿ ಬಾಯಿಪಾಠದ ಪಟ್ಟಿಯಾಗಿ ಉಳಿಯುವುದಿಲ್ಲ. ಇಂಗ್ಲೆಂಡಿನ ದೊರೆ ಮೊದಲನೆಯ ಎಡ್ವರ್ಡ್ ಸ್ಕಾಟ್‌ಲೆಂಡಿನ ಮೇಲೆ ದಂಡೆತ್ತಿ ಬಂದುದು 1296ರಲ್ಲಿ. ಅಂದಿನಿಂದ 1314ರವರೆಗೆ, ಹದಿನೆಂಟು ವರ್ಷಗಳಲ್ಲಿ, ಈ ಕೋಟೆ ಆರು ಸಲ ಕೈ ಬದಲಾಯಿಸಿತು. 1297ನೆಯ ಸೆಪ್ಟೆಂಬರ್ 11ರಂದು ಇಂಗ್ಲಿಷರ ಕುದುರೆಯ ದಂಡು ಕೆಳಗಿನ ಮರದ ಸೇತುವೆಯನ್ನು ದಾಟತೊಡಗಿತು. ಸೇತುವೆ ಬಹು ಕಿರಿದು. ವಿಲಿಯಮ್ ವಾಲೆಸ್ ಮತ್ತು ಆಂಡ್ರೂ ಮೋರೆ ಎಂಬ ಸ್ಕಾಟ್ ನಾಯಕರು ಎದುರಿನ ಗುಡ್ಡದ ಬಳಿ ಕಾದಿದ್ದು, ದಂಡಿನ ಒಂದು ಭಾಗ ಈಚೆಗೆ ಬಂದು ಉಳಿದುದು ಆಚೆಗಿರುವಾಗ ಇಳಿದು ಬಂದು ಸೇತುವೆಯ ಬಾಯನ್ನು ಕಟ್ಟಿಬಿಟ್ಟರು. ಈಚೆಗೆ ಬಂದವರಿಗೆ ಹಿಂದಕ್ಕೆ ದಾರಿಯಿಲ್ಲ. ಆಚೆಗಿದ್ದವರಿಗೆ ನೆರವಾಗುವ ಉಪಾಯವಿಲ್ಲ. ಆ ಗುಡ್ಡದ ಮೇಲೆ ವಾಲೆಸನ ನೆನಪಿಗಾಗಿ 1869ರಲ್ಲಿ ಪೂರೈಸಿದ 220 ಅಡಿ ಎತ್ತರದ ಗೋಪುರವು ಕೋಟೆಯ ಬಯಲಿನಿಂದ ಸ್ಪಷ್ಟವಾಗಿ ಕಾಣುತ್ತದೆ.

1304ರಲ್ಲಿ ಎಡ್ವರ್ಡ್ ಮತ್ತೆ ಬಂದು ಕೋಟೆಯನ್ನು ಮುತ್ತಿದನು. ಕಲ್ಲುಗುಂಡುಗಳನ್ನು ಎಸೆಯುವ ಕವಣೆಯಂತ್ರಗಳಿಗೆ ಭಾರ ಸಾಲದೆ, ಚರ್ಚುಗಳ ಚಾವಣಿಯಿಂದ ಸೀಸವನ್ನು ಕಿತ್ತು ತರಿಸಿದನಂತೆ. ಅವನ ಬಡಗಿಗಳು ವಾರ್‌ವುಲ್ಫ್, ಎಂದರೆ ಯುದ್ಧದ ತೋಳ, ಎಂಬ ಮಹಾಯಂತ್ರವೊಂದನ್ನು ಕಟ್ಟುತ್ತಿದ್ದರು. ಅದು ಸಿದ್ಧವಾಗುವ ಹೊತ್ತಿಗೆ ಒಳಗಿನವರು ಶರಣು ಬರಲು ಒಪ್ಪಿದರು. ದೊರೆ ಒಪ್ಪಲಿಲ್ಲ. ಇಷ್ಟು ಶ್ರಮಪಟ್ಟು ಮಾಡಿಸಿದ ಯಂತ್ರದ ಪ್ರಭಾವವನ್ನು ನೋಡಿದ ಮೇಲೆಯೇ ಅವನು ಶರಣಾಗತಿಯನ್ನು ಅಂಗೀಕರಿಸಿದನು.

ಹತ್ತು ವರ್ಷಗಳ ಮೇಲೆ ಕೋಟೆಯಲ್ಲಿದ್ದ ಇಂಗ್ಲಿಷ್ ಪಕ್ಷದ ಅಧಿಕಾರಿಯಾದ ಫಿಲಿಪ್ ಮೌಬ್ರೆ, ನಡುಬೇಸಿಗೆಯ ಹಬ್ಬದೊಳಗಾಗಿ ನೆರವು ಬಾರದಿದ್ದರೆ ಕೋಟೆಯನ್ನು ಸ್ಕಾಟರಿಗೆ ಒಪ್ಪಿಸುವುದಾಗಿ ಮಾತು ಕೊಟ್ಟಿದ್ದನು. ಆ ನೆರವನ್ನು ತಂದ ಎರಡನೆಯ ಎಡ್ವರ್ಡನ ಮಹಾಸೈನ್ಯವನ್ನು ರಾಬರ್ಟ್ ಬ್ರೂಸನು 1314ನೆಯ ಜೂನ್ 23 ಮತ್ತು 24ರಂದು, ಕೋಟೆಗೆ ಹತ್ತಿರದ ಬ್ಯಾನಕ್‌ಬರ್ನ್ ಎಂಬಲ್ಲಿ ಮುರಿದನು. ಸೋತ ದೊರೆ ಓಡಿಬಂದು ಕೋಟೆಯ ಬಾಗಿಲನ್ನು ತಟ್ಟಿದರೆ, ಮೌಬ್ರೆಯು ತೆರೆಯಲಿಲ್ಲ. ಕೋಟೆಯನ್ನು ಒಪ್ಪಿಸಬೇಕಾದ ಮೇಲೆ ಒಳಗಿರುವ ದೊರೆಯೂ ಸೆರೆಯಾಗುವನೆಂದು ತಿಳಿಸಿ ಕಳುಹಿಸಿದನು. ಗೆದ್ದ ಬ್ರೂಸನಾದರೋ ಕೋಟೆಯನ್ನು ಕಾಯುವುದಕ್ಕೆ ಬದಲಾಗಿ ಅದನ್ನು ಕೆಡವಿಸಿದನು. ಮತ್ತೊಮ್ಮೆ ಶತ್ರುವಿನ ಕೈಗೆ ಸಿಕ್ಕಿ ತನಗೇ ಮುಳ್ಳಾಗುವುದಕ್ಕಿಂತ ಇಲ್ಲದಿರುವುದೇ ವಾಸಿ ಎಂಬುದು ಅವನ ನೀತಿ.

ಇದರಿಂದ ತಿಳಿಯುವುದೇನು? ವಾಲೆಸನೂ ಬ್ರೂಸನೂ ಕಂಡ ಕೋಟೆ ಇಂದು ಅಲ್ಲಿ ಇಲ್ಲ. ಪ್ರವಾಸಿಗಳಲ್ಲಿ ಅನೇಕರು ಅವರ ಹೆಸರನ್ನು ಕೇಳಿಯೇ ಬರುತ್ತಾರೆ. ಆದರೆ ಅವರು ಮುಟ್ಟುವ ಗೋಡೆಗಳಲ್ಲಿ ಅತ್ಯಂತ ಹಳೆಯವು 14ನೆಯ ಶತಮಾನದ ಕೊನೆಯ ಭಾಗದವು. ಇದನ್ನು ತಿಳಿದು ನಾವು ಮೊದಲು ಸ್ವಲ್ಪ ನಿರಾಶರಾದೆವು. ಅನಂತರ, ಹಾಗಾದರೆ ಇಲ್ಲಿ ಇರುವುದು ಯಾರದು ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ಒಳಕ್ಕೆ ಹೋದೆವು.

ಹೊರಗಿನ ಬಾಗಿಲೂ ಕೊತ್ತಳಗಳೂ ಎಲ್ಲಕ್ಕಿಂತ ಹಳೆಯವೆಂದು ಯಾರಾದರೂ ಭಾವಿಸಿಯಾರು. ವಾಸ್ತವವಾಗಿ ಅವು ಈಚಿನವು. 1708ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಫಿರಂಗಿಯ ಯುದ್ಧಕ್ಕೆಂದು ಕಟ್ಟಿದವು. ಅವುಗಳನ್ನು ದಾಟಿದ ಮೇಲೆ ದುಂಡು ಬುರುಜುಗಳ ಹೆಬ್ಬಾಗಿಲು. ಇದು 1500ರ ಸುಮಾರಿನಲ್ಲಿ ನಾಲ್ಕನೆಯ ಜೇಮ್ಸ್ ದೊರೆ ಕಟ್ಟಿಸಿದುದು. ಆಗ ಬುರುಜುಗಳು ಇನ್ನೂ ಎತ್ತರವಾಗಿದ್ದು ಶಂಖಾಕಾರದ ಚಾವಣಿಗಳನ್ನು ಹೊಂದಿದ್ದುವು. ಇನ್ನೂ ಒಳಕ್ಕೆ ಹೋದರೆ ಒಂದು ಚೌಕದ ಅಂಗಳ. ಅದರ ನಾಲ್ಕು ಕಡೆಗೂ ನಾಲ್ಕು ಕಟ್ಟಡಗಳು: ನಾಲ್ಕನೆಯ ಜೇಮ್ಸನ ವಾಸದ ಮನೆ, ಅವನದೇ ಆದ ಮಹಾಸಭಾಗೃಹ, ಅವನ ಮಗ ಐದನೆಯ ಜೇಮ್ಸನ ಅರಮನೆ, ಮರಿಮೊಮ್ಮಗ ಆರನೆಯ ಜೇಮ್ಸನು 1594ರಲ್ಲಿ ಕಟ್ಟಿಸಿದ ಪ್ರಾರ್ಥನಾಮಂದಿರ. ನೂರು ವರ್ಷಗಳ ರಾಜವೈಭವವೆಲ್ಲ ಈ ಒಂದು ಅಂಗಳದ ಸುತ್ತ ಇದೆ. ಹೊತ್ತು ಕಡಮೆಯಿದ್ದವರು ಈ ಅಂಗಳದ ನಡುವೆ ನಿಂತು ಒಂದು ಸುತ್ತು ತಿರುಗಿದರೂ ಕೋಟೆಯ ಸಾರವನ್ನು ಕಂಡಂತೆಯೇ.

ನಾಲ್ಕನೆಯ ಜೇಮ್ಸನು ಕುತೂಹಲಿ. ಅವನ ಆಶ್ರಯದಲ್ಲಿ ಜಾನ್ ಡೇಮಿಯನ್ ಎಂಬ ಪರದೇಶದ ರಸವಾದಿಯೊಬ್ಬನಿದ್ದನು. ಕೀಳು ಲೋಹವನ್ನು ಚಿನ್ನವಾಗಿಸುವುದು ಫಲಿಸದಿರಲು, 1507ರಲ್ಲಿ ಅವನು ಗರಿಗಳ ರೆಕ್ಕೆಗಳನ್ನು ಕಟ್ಟಿಕೊಂಡು ಫ್ರಾನ್ಸಿಗೆ ಹಾರುವುದಾಗಿ ಸಾರಿ ಕೋಟೆಯ ಗೋಡೆಯಿಂದ ಧುಮುಕಿದನು. ತೊಡೆಯ ಮೂಳೆ ಮುರಿಯಿತು, ಪ್ರಾಣ ಉಳಿಯಿತು. ತನ್ನ ರೆಕ್ಕೆಗಳಲ್ಲಿ ಕೋಳಿಯ ಗರಿಗಳು ಬೆರೆತುಹೋಗಿದ್ದುವೆಂದೂ, ಕೋಳಿಗೆ ಆಕಾಶಕ್ಕಿಂತ ತಿಪ್ಪೆಯ ಮೇಲೆಯೇ ಪ್ರೀತಿಯೆಂದೂ ಅವನು ಸಮಾಧಾನ ಹೇಳಿದನೆಂದು ಹಳೆಯ ಚರಿತ್ರಕಾರನೊಬ್ಬನು ಬರೆದಿದ್ದಾನೆ.

ಮಹಾಸಭಾಗೃಹವು 138 ಅಡಿ ಉದ್ದ, 47 ಅಡಿ ಅಗಲ. ಮಧ್ಯಯುಗದ ಸ್ಕಾಟ್‌ಲೆಂಡಿನಲ್ಲಿ ಕಟ್ಟಿದ ಇಂತಹ ಸಭಾಗೃಹಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಚಳಿಯನ್ನು ಕಳೆಯುವುದಕ್ಕೆ ಐದು ಅಗ್ಗಿಷ್ಟಿಕೆಗಳು. 1594ರಲ್ಲಿ ಆರನೆಯ ಜೇಮ್ಸನ ಮಗ ಹೆನ್ರಿಯ ನಾಮಕರಣದ ಔತಣ ಇಲ್ಲಿ ನಡೆದಾಗ, ಮೀನಿನ ಭಕ್ಷ್ಯಗಳನ್ನು ಒಂದು ದೊಡ್ಡ ಹಡಗಿನ ಮೇಲಿಟ್ಟು, ಆ ಹಡಗನ್ನೇ ಸಭೆಯೊಳಕ್ಕೆ ತಂದರು. ಅದರ ಪುಟ್ಟ ಫಿರಂಗಿಗಳು ಗುಡುಗಿದುವು. ಬಡ ರಾಜ್ಯದ ದೊರೆ ಯೂರೋಪಿನ ರಾಯಭಾರಿಗಳ ಮುಂದೆ ತನ್ನ ಘನತೆಯನ್ನು ಮೆರೆದ ಬಗೆ ಅದು.

ಅರಮನೆಯು ಬೇರೊಂದು ಪಾಠವನ್ನು ಹೇಳುತ್ತದೆ. ಐದನೆಯ ಜೇಮ್ಸನು ಫ್ರಾನ್ಸಿನ ವೈಭವವನ್ನು ಕಣ್ಣಾರೆ ಕಂಡು ಬಂದವನು. ಅವನ ರಾಣಿ ಮೇರಿ ಫ್ರಾನ್ಸಿನ ಗೀಸ್ ಮನೆತನದವಳು. 1538ರ ಸುಮಾರಿನಲ್ಲಿ ಆರಂಭವಾದ ಈ ಅರಮನೆಯ ಹೊರಗೋಡೆಗಳ ಮೇಲೆ ಗ್ರಹದೇವತೆಗಳು, ಸೈತಾನ, ಗಡ್ಡ ಬಿಟ್ಟ ದೊರೆ, ಹೀಗೆ ಸಾಲುಸಾಲಾದ ಪ್ರತಿಮೆಗಳಿವೆ. ಒಳಗೆ ದೊರೆಗೂ ರಾಣಿಗೂ ಮೂರು ಮೂರು ಕೋಣೆಗಳು: ಹೊರ ಹಜಾರ, ಒಳ ಹಜಾರ, ಶಯನಗೃಹ. ಬಂದವನ ಯೋಗ್ಯತೆಯನ್ನು ಅವನು ಎಷ್ಟನೆಯ ಬಾಗಿಲವರೆಗೆ ಹೋಗಬಲ್ಲನು ಎಂಬುದರಿಂದ ಅಳೆಯುತ್ತಿದ್ದರು. ಹೊರ ಹಜಾರದಲ್ಲಿ ಬಹುಮಂದಿ ಕಾದು ಹಿಂತಿರುಗುವರು. ಕೆಲವರು ಒಳ ಹಜಾರದಲ್ಲಿ ದೊರೆಯ ದರ್ಶನ ಪಡೆಯುವರು. ಶಯನಗೃಹದ ಹೊಸ್ತಿಲನ್ನು ತುಳಿದವನು ಮಹಾ ಭಾಗ್ಯವಂತ. ಆದರೆ ಈ ವೈಭವವನ್ನು ಕಟ್ಟಿದ ದೊರೆಗೆ ಅದನ್ನು ಅನುಭವಿಸುವ ಕಾಲ ಬರಲಿಲ್ಲ. ಅವನು 1542ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಅವನ ಮಗಳು ಮೇರಿಗೆ ಆರು ದಿನದ ವಯಸ್ಸು. ಮುಂದಿನ ವರ್ಷ ಸೆಪ್ಟೆಂಬರ್ 9ರಂದು, ಒಂಬತ್ತು ತಿಂಗಳ ಆ ಕೂಸಿಗೆ ಇದೇ ಕೋಟೆಯ ಹಳೆಯ ಪ್ರಾರ್ಥನಾಮಂದಿರದಲ್ಲಿ ಕಿರೀಟಧಾರಣೆಯಾಯಿತು. ಅವಳ ಮಗ ಆರನೆಯ ಜೇಮ್ಸನು ಬಾಲ್ಯವನ್ನೆಲ್ಲ ಇಲ್ಲಿಯೇ ಕಳೆದು, ಜಾರ್ಜ್ ಬುಖಾನನ್ ಎಂಬ ಕಠೋರ ಪಂಡಿತನಲ್ಲಿ ಓದಿದನು. 1603ರಲ್ಲಿ ಇಂಗ್ಲೆಂಡಿನ ಸಿಂಹಾಸನವೂ ಅವನಿಗೆ ದೊರೆತು ಅವನು ಲಂಡನ್ನಿಗೆ ಹೊರಟುಹೋದನು. ಆಮೇಲೆ ಸ್ಕಾಟ್‌ಲೆಂಡಿಗೆ ಅವನು ಬಂದುದು 1617ರಲ್ಲಿ ಒಂದೇ ಸಲ. ದೊರೆಯಿಲ್ಲದ ಅರಮನೆ ಕ್ರಮೇಣ ಸಿಪಾಯಿಗಳ ವಸತಿಯಾಯಿತು.

ಈಗ ಹೊಂಬಣ್ಣದ ವಿಷಯಕ್ಕೆ ಬರೋಣ. 18ನೆಯ ಶತಮಾನದ ಕೊನೆಯ ವೇಳೆಗೆ ಸೈನ್ಯದವರು ಮಹಾಸಭಾಗೃಹದಲ್ಲಿ ಅಂತಸ್ತುಗಳನ್ನು ಹಾಕಿ, ಅಡ್ಡಗೋಡೆಗಳನ್ನೆಬ್ಬಿಸಿ ಸಿಪಾಯಿಗಳ ಕೊಠಡಿಗಳನ್ನು ಮಾಡಿದರು. 1777ರಲ್ಲಿ ಅರಮನೆಯ ಚಾವಣಿ ಕಳಚತೊಡಗಲು, ಅದರಲ್ಲಿದ್ದ ಓಕ್ ಮರದ ದುಂಡು ಫಲಕಗಳನ್ನು ಕೆಳಗಿಳಿಸಿದರು. ಒಂದೊಂದೂ ಸುಮಾರು ಮೂರಡಿ ಅಗಲದ ಆ ಫಲಕಗಳಲ್ಲಿ ದೊರೆಗಳು, ರಾಣಿಯರು, ರೋಮಿನ ಚಕ್ರವರ್ತಿಗಳು ಮೊದಲಾದವರ ಮುಖಗಳನ್ನು ಕೆತ್ತಿದ್ದರು. ಅವು ಅಲ್ಲಿ ಇಲ್ಲಿ ಚೆದರಿಹೋದುವು. ಮೂವತ್ತಕ್ಕೆ ಮೇಲ್ಪಟ್ಟು ಇಂದು ಉಳಿದಿವೆ. ಸೈನ್ಯವು ಕೋಟೆಯನ್ನು ತೆರವು ಮಾಡಿದುದು 1964ರಲ್ಲಿ. ಆ ಮೇಲೆ ದೀರ್ಘಕಾಲದ ಜೀರ್ಣೋದ್ಧಾರ ನಡೆಯಿತು. ಸಭಾಗೃಹದೊಳಗಿನ ಅಂತಸ್ತುಗಳನ್ನು ತೆಗೆದು, ಓಕ್ ಮರದ ಹೊಸ ಚಾವಣಿಯನ್ನು ಹೊದಿಸಿ, ಹಳೆಯ ಸುಣ್ಣದ ಲೇಪದ ಕುರುಹನ್ನು ಆಧಾರವಾಗಿಟ್ಟುಕೊಂಡು ಹೊರಗೋಡೆಗೆ ಹೊಂಬಣ್ಣದ ಗಾರೆಯನ್ನು ಬಳಿದರು. 1999ನೆಯ ನವೆಂಬರ್ 30ರಂದು ಎರಡನೆಯ ಎಲಿಜಬೆತ್ ರಾಣಿ ಅದನ್ನು ಪುನಃ ತೆರೆದಳು. ಅರಮನೆಯ ಕೋಣೆಗಳು 2011ರಲ್ಲಿ, ಐದನೆಯ ಜೇಮ್ಸನ ಕಾಲದಲ್ಲಿ ಹೇಗಿದ್ದಿರಬಹುದೋ ಹಾಗೆ, ಬಣ್ಣಬಣ್ಣವಾಗಿ ಸಿದ್ಧವಾದುವು.

ತಲೆತಲಾಂತರದಿಂದ ಬೂದುಬಣ್ಣದ ಕೋಟೆಯನ್ನು ಕಂಡಿದ್ದ ಊರಿನವರಲ್ಲಿ ಕೆಲವರಿಗೆ ಇದು ರುಚಿಸಲಿಲ್ಲ. ನಮಗೂ ಮೊದಲ ನೋಟಕ್ಕೆ ಇದೇನು ನಾಟಕದ ಪರದೆಯಂತಿದೆಯಲ್ಲಾ ಎನ್ನಿಸಿತು. ಇಲ್ಲಿ ವಿಚಾರ ಮಾಡಬೇಕಾದ ಪ್ರಶ್ನೆಯೊಂದಿದೆ. ಕಟ್ಟಡವೊಂದು ಐನೂರು ವರ್ಷ ಬಾಳಿದೆ; ಅದರಲ್ಲಿ ದೊರೆಗಳು ಔತಣ ಮಾಡಿದ ಕಾಲಕ್ಕಿಂತ ಸಿಪಾಯಿಗಳು ಮಲಗೆದ್ದ ಕಾಲ ಕಡಮೆಯೇನೂ ಅಲ್ಲ. ಒಂದು ಶತಮಾನವನ್ನು ಮೇಲೆತ್ತುವುದಕ್ಕಾಗಿ ಉಳಿದ ಶತಮಾನಗಳನ್ನು ಅಳಿಸಿಹಾಕುವುದು ನ್ಯಾಯವೇ? ಮತ್ತೊಂದು ಪಕ್ಷದವರು ಕೇಳಬಹುದು: ಅಡ್ಡಗೋಡೆಗಳನ್ನು ಹಾಗೆಯೇ ಬಿಟ್ಟಿದ್ದರೆ ಆ ಮಹಾಗೃಹದ ವಿಸ್ತಾರವನ್ನು ಇಂದು ಯಾರು ತಾನೇ ಕಾಣುತ್ತಿದ್ದರು?

ಎರಡು ಮಾತುಗಳಲ್ಲಿಯೂ ಸತ್ಯವಿದೆ. ನಮಗೆ ಸಮಾಧಾನ ದೊರೆತುದು ಮರದ ಮುಖಗಳನ್ನು ನೋಡಿದಾಗ. ದೊರೆಯ ಒಳ ಹಜಾರದ ಚಾವಣಿಯಲ್ಲಿ ಥಳಥಳಿಸುವ ಫಲಕಗಳು ಹೊಸದಾಗಿ ಕೆತ್ತಿ ಬಣ್ಣ ಹಾಕಿದವು. ಹಳೆಯವನ್ನು ಅರಮನೆಯ ಮೇಲಂತಸ್ತಿನಲ್ಲಿ ಬೇರೆಯಾಗಿ, ಬಣ್ಣವಿಲ್ಲದೆ, ಬಿರುಕು ಸವಕಳಿಗಳೊಡನೆ ಇಟ್ಟಿದ್ದಾರೆ. ಹೊಸದು ತಾನು ಹೊಸದೆಂದು ಒಪ್ಪಿಕೊಳ್ಳುತ್ತದೆ. ಹಳೆಯದು ತನ್ನ ಮುಪ್ಪನ್ನು ಮರೆಮಾಚುವುದಿಲ್ಲ. ಎರಡನ್ನೂ ನೋಡಿದವನು ಮೋಸಹೋಗುವುದಿಲ್ಲ. ಜೀರ್ಣೋದ್ಧಾರಕ್ಕೆ ಇದೇ ಧರ್ಮವೆಂದು ನಾವು ತಿಳಿಯುತ್ತೇವೆ. ಹೊಸತನ್ನು ಕಟ್ಟುವುದು ತಪ್ಪಲ್ಲ. ಹೊಸತಕ್ಕೆ ಹಳೆಯದರ ವೇಷ ಹಾಕಿ ಸಾಕ್ಷಿ ಹೇಳಿಸುವುದು ತಪ್ಪು.

ಸಿಪಾಯಿಗಳ ಕಾಲವೂ ಪೂರ್ತಿಯಾಗಿ ಅಳಿದಿಲ್ಲ. ಆರ್ಗೈಲ್ ಮತ್ತು ಸದರ್‌ಲೆಂಡ್ ಹೈಲ್ಯಾಂಡರ್ಸ್ ಎಂಬ ದಳದ ವಸ್ತುಸಂಗ್ರಹಾಲಯವು ನಾಲ್ಕನೆಯ ಜೇಮ್ಸನ ಹಳೆಯ ಮನೆಯಲ್ಲಿದೆ. ಭಾರತೀಯನು ಇದರ ಹೊಸ್ತಿಲಲ್ಲಿ ಸ್ವಲ್ಪ ತಡೆಯುವನು. ಈ ದಳದ ಪೂರ್ವಜವಾದ 93ನೆಯ ದಳವೇ 1857ನೆಯ ನವೆಂಬರ್ 16ರಂದು ಲಕ್ನೋ ನಗರದ ಸಿಕಂದರ್ ಬಾಗಿಗೆ ನುಗ್ಗಿದವರಲ್ಲಿ ಮುಂದಾಳಾಗಿದ್ದುದು. ಆ ದಿನದ ಶೌರ್ಯಕ್ಕಾಗಿ ದಳದ ಹಲವರಿಗೆ ವಿಕ್ಟೋರಿಯಾ ಕ್ರಾಸ್ ಪದಕ ಬಂದಿತು. ಆ ತೋಟದ ಗೋಡೆಗಳೊಳಗಿದ್ದ ಭಾರತೀಯ ಸಿಪಾಯಿಗಳಲ್ಲಿ ಹೆಚ್ಚು ಕಡಮೆ ಎಲ್ಲರೂ ಹತರಾದರು. ಒಂದೇ ದಿನದ ಕಥೆ ಇಲ್ಲಿ ಒಂದು ಬಗೆ, ಲಕ್ನೋದಲ್ಲಿ ಇನ್ನೊಂದು ಬಗೆ. ಕೋಟೆಯೊಂದು ಯಾರ ನೆನಪನ್ನು ಕಾಪಾಡುತ್ತದೆ, ಯಾರದನ್ನು ಹೊರಗೆ ನಿಲ್ಲಿಸುತ್ತದೆ ಎಂಬುದನ್ನು ಗಮನಿಸುವುದೂ ಕೋಟೆ ನೋಡುವವನ ಕೆಲಸವೇ ಆಗಿದೆ.

ಹೋಗಬೇಕೆಂದಿರುವವರಿಗೆ ಎರಡು ಮಾತು. ಕೋಟೆಯು ಸಾಮಾನ್ಯವಾಗಿ ಬೇಸಿಗೆಯಲ್ಲಿ ಸಂಜೆ ಆರರವರೆಗೆ, ಚಳಿಗಾಲದಲ್ಲಿ ಐದರವರೆಗೆ ತೆರೆದಿರುತ್ತದೆ. ಕೊನೆಯ ಪ್ರವೇಶ ಅದಕ್ಕೆ ಮುಂಚೆಯೇ ಮುಗಿಯುತ್ತದೆ. ಬಂಡೆಯ ಮೇಲಿನ ಗಾಳಿ ಬೇಸಿಗೆಯಲ್ಲಿಯೂ ಚುಚ್ಚುವಂತಹುದು. ನೆಲದ ಕಲ್ಲುಗಳು ಮಳೆಯಲ್ಲಿ ಜಾರುತ್ತವೆ. ಬೆಚ್ಚನೆಯ ಉಡುಪೂ ಗಟ್ಟಿ ಪಾದರಕ್ಷೆಗಳೂ ಅವಶ್ಯ. ಒಳಗೆ ಮೂರು ಗಂಟೆ ಸಾಕು. ಕೋಣೆಗಳನ್ನು ಲೆಕ್ಕ ಹಾಕುತ್ತ ಓಡುವುದಕ್ಕಿಂತ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಮೇಲು: ಇದನ್ನು ಇಲ್ಲಿಯೇ ಏಕೆ ಕಟ್ಟಿದರು? ಕಟ್ಟಿದವರಾರು, ಬದಲಾಯಿಸಿದವರಾರು? ನಾವು ಈಗ ನೋಡುತ್ತಿರುವುದರಲ್ಲಿ ಹಳೆಯದೆಷ್ಟು, ಹೊಸದೆಷ್ಟು? ನಮ್ಮ ನಾಡಿನ ಯಾವ ಕೋಟೆಯ ಮುಂದೆ ನಿಂತಾಗಲೂ ಈ ಮೂರು ಪ್ರಶ್ನೆಗಳು ಒದಗಿಬರುತ್ತವೆ.

ರೈಲಿಗೆ ಇನ್ನೂ ಹೊತ್ತಿದ್ದುದರಿಂದ ನಾವು ಇಳಿದು ನದಿಯ ಬಳಿಗೆ ಹೋದೆವು. ಅಲ್ಲಿ ನಾಲ್ಕು ಕಮಾನುಗಳ ಹಳೆಯ ಕಲ್ಲಿನ ಸೇತುವೆಯಿದೆ. ಇದು ವಾಲೆಸನ ಕಾಲದ ಸೇತುವೆಯಲ್ಲ. ಆ ಮರದ ಸೇತುವೆ ಇದಕ್ಕೆ ಸ್ವಲ್ಪ ಮೇಲ್ಗಡೆಗೆ ಇದ್ದಿತು. ಈ ಕಲ್ಲಿನ ಸೇತುವೆಗೂ ಪೆಟ್ಟು ತಪ್ಪಲಿಲ್ಲ. 1745ರಲ್ಲಿ ರಾಜಕುಮಾರ ಚಾರ್ಲ್ಸನ ಬಂಡಾಯದ ಸೈನ್ಯ ದಾಟದಿರಲೆಂದು ಕೋಟೆಯ ಅಧಿಪತಿಯು ಇದರ ಒಂದು ಕಮಾನನ್ನು ಒಡೆಯಿಸಿದನು. 1749ರಲ್ಲಿ ಅದನ್ನು ಮತ್ತೆ ಕಟ್ಟಿದರು. ಮೂರು ಕಮಾನು ಹಳೆಯವು, ಒಂದು ಅವುಗಳಿಗಿಂತ ಹೊಸದು. ನಾವು ನಾಲ್ಕರ ಮೇಲೆಯೂ ನಡೆದು ಆಚೆಯ ದಡವನ್ನು ಮುಟ್ಟಿ, ಹಿಂತಿರುಗಿ, ಸಂಜೆಯ ರೈಲನ್ನು ಹಿಡಿದೆವು.